ಕೆಂಪು ಕಂಬಳಿಯವನಿಗೆ ಬೀಳದ ಹೆಬ್ಬೆಟ್ಟು

ಗಿರಿಯಮ್ಮ ತನ್ನ ಜೀವಮಾನದಲ್ಲಿ ನೋಡಿದ್ದು ಆರು ರೀಲು ಸಿನಿಮಾ. ಆರೂ ಒಂದೇ ಕಥೆಯವು. ಓದಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿರಲಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಲು ಬರುತ್ತಿತ್ತು. ಅಂಥವಳನ್ನು ಹಿಡಿದು ತಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕಿನ ಮಕ್ಕಳು ಏನು ನೋಡಬಹುದು, ಏನು ನೋಡಬಾರದು ಎಂದು ತೀರ್ಪು ಹೇಳುವ ಸಮಿತಿಗೆ ಮೆಂಬರು ಮಾಡಿದ್ದರು. ಅದು ಎಪ್ಪತ್ತಾರನೇ ಇಸವಿ, ತುರ್ತುಪರಿಸ್ಥಿತಿಯ ಕಾಲ. ಹೆಬ್ಬೆಟ್ಟಿಗಾಗಿ ಮೆಂಬರು ಮಾಡಿದವರಿಗೆ ಆ ಹೆಬ್ಬೆಟ್ಟಿನ ಹಿಂದೆ ಒಂದು ಬಾಯಿಯೂ ಇದೆ ಎಂಬುದು ನೆನಪಿಗೆ ಬಂದಿರಲಿಲ್ಲ.

ಆಕೆ ಹುಟ್ಟಿದ್ದು ಹೊಳಲ್ಕೆರೆ ಕಡೆಯ ತಾಳ್ಯದಲ್ಲಿ. ಕೊಟ್ಟಿದ್ದು ಮಾರಿಕಣಿವೆ ಅಣೆಕಟ್ಟೆಯಿಂದ ಒಂದು ಮೈಲಿ ಕೆಳಗಿರುವ ಕರಿಕಲ್ಲಹಟ್ಟಿಗೆ. ಕುರಿ ಸಾಕುವವರ ನಲವತ್ತು ಮನೆ, ನಡುವೆ ಒಂದು ಶಾಲೆ. ಗಂಡ ಹೋದ ಮೇಲೆ ಗಿರಿಯಮ್ಮ ಕುರಿ ಬಿಟ್ಟು ಆ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಉಪ್ಪಿಟ್ಟು ಬೇಯಿಸುವ ಕೆಲಸಕ್ಕೆ ಸೇರಿದ್ದಳು. ಹೊರದೇಶದಿಂದ ಚೀಲಗಟ್ಟಲೆ ಬರುತ್ತಿದ್ದ ಹಳದಿ ಹಿಟ್ಟಿನ ಉಪ್ಪಿಟ್ಟು ಅದು. ದೊಡ್ಡ ಕೊಪ್ಪರಿಗೆಯಲ್ಲಿ ಎರಡೂ ಕೈ ಹಾಕಿ ಸೌಟು ತಿರುವಿ ತಿರುವಿ ಆಕೆಯ ತೋಳು ಗಂಡಸಿನ ತೋಳಿನಂತಾಗಿದ್ದವು. ಮಾತು ಕಡಿಮೆ. ಆಡಿದರೆ ನೆಟ್ಟಗೆ ಎದೆಗೆ ತಾಗುವಂಥದ್ದು.

ಆ ಹಟ್ಟಿಯ ಒಂದು ರೂಢಿಯನ್ನು ಇಲ್ಲೇ ಹೇಳಿಬಿಡಬೇಕು. ಮದುವೆ ಮಾತಾಗಲಿ, ಕುರಿ ಕಳವಿನ ದೂರಾಗಲಿ, ಅಲ್ಲಿ ಕರಿ ಕಂಬಳಿ ಹಾಸಿ ಅದರ ಮೇಲೆ ಕೂತು ಮಾತಾಡುತ್ತಾರೆ. ಕಂಬಳಿ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ. ಪೊಲೀಸು ಠಾಣೆಯಲ್ಲಿ ಸರಾಗವಾಗಿ ಸುಳ್ಳು ಹೇಳಿ ಬಂದ ಗಂಡಸರು ಕಂಬಳಿಯ ಅಂಚು ಕಂಡರೆ ತೊದಲುವುದನ್ನು ನಾನೇ ನೋಡಿದ್ದೇನೆ.

ಗಿರಿಯಮ್ಮ ನಾಲ್ಕು ವರ್ಷದಿಂದ ತನ್ನ ಮೊಮ್ಮಗಳ ಎದುರು ಕಂಬಳಿ ಮೇಲೆ ಕೂತಿರಲಿಲ್ಲ. ಚಳಿಗೆ ಹೊದೆಯುತ್ತಿದ್ದಳು, ಮಳೆಗೆ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಳ್ಳುತ್ತಿದ್ದಳು. ಕೂರುತ್ತಿರಲಿಲ್ಲ. ಮೊಮ್ಮಗಳ ಹೆಸರು ಬರಗೇರಮ್ಮ. ಎಂಟು ವರ್ಷದ ಮೂಳೆಚಕ್ಕಳದ ಹುಡುಗಿ, ಹಟ್ಟಿಯವರ ಬಾಯಲ್ಲಿ ಬರಗೇರಿ. ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಅಪ್ಪ ಮಾರಣ್ಣ, ಗಿರಿಯಮ್ಮನಿಗಿದ್ದ ಒಬ್ಬನೇ ಮಗ.

ಮಾರಣ್ಣ ಮಾರಿಕಣಿವೆ ಕಟ್ಟೆಯ ಮೇಲಿಂದ ಬಿದ್ದು ಸತ್ತ. ಕಟ್ಟೆಯ ಕಲ್ಲುಸಂದಿಯಲ್ಲಿ ಬೆಳೆಯುವ ಅರಳಿ ಸಸಿಗಳನ್ನು ಕೀಳುವ ಕೂಲಿಗೆ ಹೋಗಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು. ದಿನವಿಡೀ ಕಟ್ಟಿಕೊಂಡಿದ್ದವನು ಸಂಜೆ, "ಇನ್ನೊಂದೇ ಸಸಿ, ಅದಕ್ಯಾಕೆ ಹಗ್ಗ" ಎಂದು ಬಿಚ್ಚಿದ. ತಪ್ಪು ಅವನದೇ. ಆವತ್ತು ಮಗು ಜವನಗೊಂಡನಹಳ್ಳಿಯ ನೆಂಟರ ಮನೆಯಲ್ಲಿತ್ತು. ಅದು ವಾಪಸು ಬರುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಬಂದ ಮಗು ಅಪ್ಪ ಎಲ್ಲಿ ಎಂದು ಕೇಳಿತು.

"ಕುರಿ ಹಿಂದೆ ಹೋಗವ್ನೆ ಕಣವ್ವ. ಮೂಡ್ಲು ಸೀಮೆಗೆ," ಎಂದಳು ಗಿರಿಯಮ್ಮ.

ಇದು ಕುರಿ ಸಾಕುವವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ಊರಲ್ಲಾಗಿದ್ದರೆ ಆ ಸುಳ್ಳು ಮೂರು ದಿನವೂ ಬಾಳುತ್ತಿರಲಿಲ್ಲ. ಈ ಹಟ್ಟಿಯಲ್ಲಿ ಸುಗ್ಗಿ ಮುಗಿದರೆ ಅರ್ಧ ಗಂಡಸರು ಕುರಿ ಹೊಡೆದುಕೊಂಡು ರಾಯದುರ್ಗದ ಆಚೆ ಹೋಗುತ್ತಾರೆ, ಮುಂಗಾರಿಗೆ ಬರುತ್ತಾರೆ. ಕೆಲವರು ಅಲ್ಲೇ ವರ್ಷ ಕಳೆಯುತ್ತಾರೆ. ಅಪ್ಪ ಇಲ್ಲದಿರುವುದು ಅಲ್ಲಿ ಯಾವ ಮಗುವಿಗೂ ಸುದ್ದಿಯಲ್ಲ. ಹಟ್ಟಿಯೇ ಸೇರಿ ಆ ಸುಳ್ಳನ್ನು ಸಾಕಿತು. ಮುಂಗಾರು ಬಂದಾಗಲೆಲ್ಲ ಬರಗೇರಿ ಊರ ಮುಂದಿನ ಬಂಡೆ ಮೇಲೆ ಹೋಗಿ ನಿಲ್ಲುತ್ತಿದ್ದಳು. ಬಂದವರ ಕುರಿ ನೋಡಿ, ಅಪ್ಪನ ಕುರಿ ಇಲ್ಲ ಎಂದು ಇಳಿದು ಬರುತ್ತಿದ್ದಳು.

ಹೀಗಿರುವಾಗ ವ್ಯಾನು ಬಂತು.

ಹಳದಿ ಹಿಟ್ಟು ಕಳಿಸುತ್ತಿದ್ದಂಥದೇ ಯಾವುದೋ ಹೊರದೇಶದ ಸಂಸ್ಥೆ ಮಕ್ಕಳಿಗೆಂದು ಹನ್ನೆರಡು ರೀಲಿನ ಒಂದು ಕಾರ್ಟೂನು ಕಳಿಸಿತ್ತು. ಗೆರೆಯಲ್ಲಿ ಬರೆದ ಬೊಂಬೆಗಳು ಓಡಾಡುವ, ಹೊಡೆದಾಡುವ ಚಿತ್ರ. ವಾರಕ್ಕೊಂದು ರೀಲು. ಒಂದು ರೀಲು ಎಲ್ಲಿ ನಿಲ್ಲುತ್ತದೋ ಮುಂದಿನದು ಅಲ್ಲಿಂದ ಶುರು. ಮೊದಲು ಒಂದು ಶಾಲೆಯಲ್ಲಿ ತೋರಿಸಿ ನೋಡಬೇಕು. ಆರು ರೀಲು ಆದ ಮೇಲೆ ಇದು ಮಕ್ಕಳಿಗೆ ತಕ್ಕುದು ಎಂದು ಮೂವರು ಬರೆದುಕೊಟ್ಟರೆ ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ ಹೋಗುತ್ತದೆ. ಆ ಮೂವರು ಯಾರೆಂದರೆ ಹೆಡ್‌ಮೇಷ್ಟ್ರು ಹಾಲಸ್ವಾಮಿ, ತಾಲ್ಲೂಕಿನಿಂದ ಬರುವ ಸಾಹೇಬ ಗಂಗಾಧರಪ್ಪ, ತಾಯಂದಿರ ಪರವಾಗಿ ಒಬ್ಬ ಹೆಂಗಸು. ಆ ಹೆಂಗಸಿಗಾಗಿ ದೂರ ಹೋಗುವುದೇಕೆ ಎಂದು ಮೇಷ್ಟ್ರು ಒಲೆ ಮುಂದೆ ಇದ್ದವಳನ್ನು ಕರೆದರು.

"ಗಿರಿಯಮ್ಮ, ಬಾ ಇಲ್ಲಿ. ನೀನು ಇವತ್ತಿಂದ ಸಮಿತಿ ಮೆಂಬರು."

"ಏನ್ ಮಾಡ್ಬೇಕು ಮೇಷ್ಟ್ರೆ?"

"ಕುಂತ್ಕಂಡು ನೋಡ್ಬೇಕು. ಆಮೇಲೆ ಹೆಬ್ಬೆಟ್ಟು ಒತ್ಬೇಕು."

"ನೋಡದಂಗೆ ಒತ್ತಿದ್ರೆ ಆಗಲ್ವ? ಹಿಟ್ಟು ಸೀಯ್ತೈತೆ."

ವ್ಯಾನಿನ ಪಾಲಯ್ಯ ನಕ್ಕ. ಮಿಷನ್ನು ತಿರುಗಿಸುವವನು ಅವನೇ, ಗಾಡಿ ಓಡಿಸುವವನೂ ಅವನೇ. ನಾಯಕನಹಟ್ಟಿ ಕಡೆಯ ಆಳು. ಬಾಯಲ್ಲಿ ಯಾವಾಗಲೂ ಬೀಡಿ.

ಶಾಲೆಯ ಕಿಟಕಿಗಳಿಗೆ ಬಾಗಿಲು ಇರಲಿಲ್ಲ. ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ಹಗಲಲ್ಲಿ ಚಿತ್ರ ಮೂಡಬೇಕಾದರೆ ಕತ್ತಲಾಗಬೇಕು. ಪಾಲಯ್ಯ ಒಮ್ಮೆ ಸುತ್ತ ನೋಡಿ, "ಕುರಿಯೋರ ಹಟ್ಟಿಯಾಗೆ ಕತ್ಲೆಗೆ ಏನ್ ಬರ? ಮಕ್ಕಳಿಗೆ ಮನೆಯಿಂದ ಒಂದೊಂದು ಕಂಬ್ಳಿ ತರಾಕೆ ಹೇಳ್ರಿ," ಎಂದ. ಅಂದಿನಿಂದ ಶನಿವಾರ ಬಂದರೆ ಮಕ್ಕಳು ಪಾಟಿಯ ಜೊತೆ ಕಂಬಳಿ ಹೊತ್ತು ಬಂದವು. ಕಿಟಕಿಗೆ, ಬಾಗಿಲಿಗೆ, ಹೆಂಚಿನ ಸಂದಿಗೆ ಕರಿ ಕಂಬಳಿ. ಒಳಗೆ ಕುರಿಯ ವಾಸನೆ, ಕಗ್ಗತ್ತಲು. ಎದುರಿಗೆ ಒಂದು ಬಿಳಿ ಬಟ್ಟೆ.

ಬಟ್ಟೆಯ ಮೇಲೆ ಅವನು ಬಂದ. ಎದೆ ಅಗಲದ ಬೊಂಬೆ ಮನುಷ್ಯ. ಆಡುವ ಮಾತು ಯಾವ ದೇಶದ್ದೋ. ಕೊರಳಿಗೆ ಕಟ್ಟಿಕೊಂಡ ಕೆಂಪು ಬಟ್ಟೆ ಬೆನ್ನ ಹಿಂದೆ ಹಾರಾಡುತ್ತಿತ್ತು. ಅದೇನು ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಂಬಳಿ! ಅವನ ಹೆಸರು ಕೆಂಪುಕಂಬಳಿ ಎಂದಾಯಿತು. ಮೊದಲ ರೀಲಿನಲ್ಲಿ ಅವನು ಕೋಟೆಗೋಡೆಯಿಂದ ಹಾರಿ ಕಳ್ಳರನ್ನು ಬಡಿದ. ಕಳ್ಳರು ಅವನನ್ನು ಬಂಡೆಯಿಂದ ಜಜ್ಜಿದರು. ರೊಟ್ಟಿಯಂತೆ ಚಪ್ಪಟೆಯಾದವನು ಮೈ ಕೊಡವಿ ಎದ್ದ. ಮಕ್ಕಳು ಬಿದ್ದು ಬಿದ್ದು ನಕ್ಕವು.

ರೀಲು ಮುಗಿಯಿತು. ಕಿಟಕಿಯಿಂದ ಕಂಬಳಿ ಇಳಿಸಿಕೊಂಡು ಮಕ್ಕಳು ಮನೆಗೆ ಹೊರಟವು. ಕೈಯಲ್ಲಿದ್ದುದನ್ನು ಕೊರಳಿಗೆ ಕಟ್ಟಿಕೊಳ್ಳಲು ಎಷ್ಟು ಹೊತ್ತು ಬೇಕು? ಆ ಸಂಜೆಯೇ ಮೂವತ್ತು ಮಕ್ಕಳು ಶಾಲೆಯ ಮುಂದಿನ ಮೋಟುಗೋಡೆಯಿಂದ ಹಾರಿದವು. ಮೊದಲು ಹಾರಿದ್ದು ಬರಗೇರಿ.

ಎರಡನೇ ವಾರ ಕೆಂಪುಕಂಬಳಿ ಮರದಿಂದ ಹಾರಿದ. ಮಕ್ಕಳು ಹುಣಸೆ ಮರ ಹತ್ತಿದವು. ಒಬ್ಬನ ಮುಂಗೈ ಮುರಿಯಿತು. ಅವನಪ್ಪ ನಾಟಿ ಪಟ್ಟಿ ಕಟ್ಟಿಸಿ, "ಕೋತಿ ನನ್ಮಗ" ಎಂದು ನಕ್ಕುಬಿಟ್ಟ.

ಸಮಿತಿಯ ಉಳಿದಿಬ್ಬರು ಚಿತ್ರವನ್ನು ಹೇಗೆ ತೂಗುತ್ತಿದ್ದರು ಎಂಬುದನ್ನೂ ಹೇಳಬೇಕು. ಹಾಲಸ್ವಾಮಿ ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು: ಮುತ್ತು ಕೊಡುವುದು ಇಲ್ಲ, ಕುಡಿಯುವುದು ಇಲ್ಲ, ಸೇದುವುದು ಇಲ್ಲ, ಕೆಟ್ಟವನಿಗೆ ಕೊನೆಗೆ ಶಿಕ್ಷೆ ಉಂಟು. ಹುಡುಗಿಯೊಬ್ಬಳ ಲಂಗ ಮೊಣಕಾಲ ಮೇಲೆ ಬಂದಾಗ ಮಾತ್ರ ಕೆಮ್ಮಿ ತಲೆ ತಗ್ಗಿಸಿದ್ದರು. ಗಂಗಾಧರಪ್ಪ ಸಾಹೇಬನ ಭಯವೇ ಬೇರೆ. ಮೂರನೇ ರೀಲಿನಲ್ಲಿ ಕೇಡಿಯೊಬ್ಬ ಬಿಳಿ ಟೋಪಿ ಹಾಕಿದ್ದ. ಸಾಹೇಬ ಕುರ್ಚಿಯಿಂದ ಎದ್ದೇಬಿಟ್ಟ.

"ಏಯ್ ಪಾಲಯ್ಯ, ನಿಲ್ಸು! ಆ ಟೋಪಿ ಯಾಕೆ ಬಿಳೀದು?"

"ನಾನು ಹೊಲ್ದಿದ್ದಲ್ಲ ಸ್ವಾಮಿ."

"ಕಾಲ ಸರಿಯಿಲ್ಲ ಕಣಯ್ಯ. ಅದನ್ನ ಯಾರ್ಗೋ ಹೋಲ್ಸಿ ಯಾರೋ ಬರ್ದು ಹಾಕಿದ್ರೆ ನನ್ನ ಕೆಲ್ಸ ಹೋಗ್ತದೆ. ಆ ಟೋಪಿ ಬರೋ ಹೊತ್ಗೆ ಕೈ ಅಡ್ಡ ಹಿಡಿ."

ಆ ಮೂವತ್ತು ಮಕ್ಕಳ ಬೆನ್ನ ಮೇಲೆ ಮೂವತ್ತು ಕಂಬಳಿ ಇರುವುದು ಇಬ್ಬರಿಗೂ ಕಾಣಲಿಲ್ಲ. ಒಬ್ಬ ಲಂಗ ಕಂಡ, ಒಬ್ಬ ಟೋಪಿ ಕಂಡ. ಗಿರಿಯಮ್ಮ ಹಿಂದಿನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಹೊಡೆದಾಟಕ್ಕೆ ಆಕೆ ಹೆದರಿದವಳಲ್ಲ. ಕೋಣನ ಬಲಿ ಕಂಡವಳು, ತೋಳ ಕಚ್ಚಿದ ಕುರಿಯ ಕರುಳನ್ನು ಒಳಗೆ ತಳ್ಳಿ ಸೂಜಿಯಲ್ಲಿ ಹೊಲಿದವಳು. ಆಕೆಯನ್ನು ಕಾಡಿದ್ದು ಬೇರೆ. ಮೂರನೇ ರೀಲು ಮುಗಿದ ಮೇಲೆ ಪಾಲಯ್ಯನಿಗೆ ಉಪ್ಪಿಟ್ಟು ಬಡಿಸುತ್ತ ಕೇಳಿದಳು.

"ಪಾಲಣ್ಣ, ಅವ್ನಿಗೆ ರಕ್ತ ಇಲ್ವ?"

"ಯಾರಿಗೆ?"

"ಕೆಂಪುಕಂಬ್ಳಿಗೆ. ಅಷ್ಟು ಎತ್ರದಿಂದ ಬಿದ್ದ. ಒಂದ್ ತೊಟ್ಟು ರಕ್ತ ಇಲ್ಲ. ಒಂದ್ಸಲನೂ ಅಮ್ಮಾ ಅನ್ಲಿಲ್ಲ. ಎದ್ದು ಹೋದ."

"ಗೆರೆ ಕಣಕ್ಕ ಅದು. ಗೆರೆಗೆ ಎಲ್ಲಿ ರಕ್ತ?"

"ಅದು ನಿಂಗೆ ಗೊತ್ತೈತೆ," ಎಂದು ಗಿರಿಯಮ್ಮ ಸೌಟು ಕೊಡವಿದಳು. "ಅವುಕ್ಕೆ?"

ಮಾರನೇ ದಿನ ಭಾನುವಾರ ಶಾಲೆಯ ಹಿಂದೆ ಮಕ್ಕಳು ಗುಂಪಾಗಿ ಕೂತಿದ್ದವು. ಸದ್ದಿಲ್ಲ. ಮಕ್ಕಳು ಸದ್ದಿಲ್ಲದೆ ಕೂತರೆ ಏನೋ ಕೆಟ್ಟಿದೆ ಎಂದೇ ಅರ್ಥ. ಗಿರಿಯಮ್ಮ ಹೋಗಿ ನೋಡಿದಳು. ನಡುವೆ ಒಂದು ಕುರಿಮರಿ ಬಿದ್ದಿತ್ತು. ಕೊರಳಿಗೆ ಹಳೆಯ ಕಂಬಳಿಯ ಚೂರು ಕಟ್ಟಿತ್ತು. ಹೆಂಚಿನ ಮೇಲಿಂದ ಹಾರಿಸಿದ್ದವು. ಕುತ್ತಿಗೆ ಒಂದು ಕಡೆಗೆ ಮುರಿದಿತ್ತು.

"ಯಾವಾಗ್ಲಿಂದ ಕುಂತಿದೀರೇ?" ಎಂದಳು.

"ಬೆಳಿಗ್ಗೆಯಿಂದ," ಎಂದಳು ಬರಗೇರಿ. "ಇನ್ನೂ ಎದ್ದಿಲ್ಲ ಅಜ್ಜಿ. ಏಳ್ತೈತೆ. ಸ್ವಲ್ಪ ತಡ ಆಗ್ತೈತೆ."

ಮರಿಯ ಕಣ್ಣ ಮೇಲೆ ನೊಣ ಕೂತಿದ್ದವು. ಆ ಮಕ್ಕಳು ಕಟುಕರಲ್ಲ. ಕುರಿ ಸಾಯುವುದನ್ನು ನೋಡದ ಮಕ್ಕಳೂ ಅಲ್ಲ. ಆದರೆ ರೋಗಕ್ಕೆ ಸಾಯುವುದು ಕಂಡಿದ್ದವು, ಕತ್ತಿಗೆ ಸಾಯುವುದು ಕಂಡಿದ್ದವು. ಬಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಶನಿವಾರದ ಕತ್ತಲಲ್ಲಿ ಬೇರೆ ಥರ ಕಲಿತಿದ್ದವು. ಗಿರಿಯಮ್ಮ ಮರಿಯನ್ನು ಎತ್ತಿಕೊಂಡು ಹೋಗಿ ಹೂತಳು. ಬಿದ್ದವರು ಏಳುವುದಿಲ್ಲ ಎಂದು ಆಗಲೇ ಹೇಳಬಹುದಿತ್ತು. ಬಾಯಿಗೆ ಬಂತು. ಬಂದ ಮಾತಿನ ಹಿಂದೆಯೇ ಮಾರಣ್ಣ ಬಂದ. ನುಂಗಿಕೊಂಡಳು.

ನಾಲ್ಕನೇ ವಾರ ಅವನು ಗೋಪುರದಿಂದ ಹಾರಿದ. ಐದನೇ ವಾರ ಬೆಟ್ಟದಿಂದ. ಪ್ರತಿ ವಾರ ಎತ್ತರ ಹೆಚ್ಚುತ್ತಿತ್ತು, ಮಕ್ಕಳೂ ಹಿಂದೆಯೇ ಎತ್ತರದ ಜಾಗ ಹುಡುಕುತ್ತಿದ್ದವು. ಹೆಂಚಿನ ಮಾಡು, ಆಮೇಲೆ ಊರ ಮುಂದಿನ ಬಂಡೆ. ಈಗ ಹಾರುತ್ತಿರಲಿಲ್ಲ. ಸಾಲಾಗಿ ತುದಿಯಲ್ಲಿ ನಿಂತು ಕೈ ಚಾಚಿ ಗಾಳಿ ನೋಡುತ್ತಿದ್ದವು. ಮರಿ ಎದ್ದಿಲ್ಲ ಎಂಬುದು ಅವುಗಳ ತಲೆಯಲ್ಲಿತ್ತು. ಅದಕ್ಕೆ ಬರಗೇರಿಯೇ ಕಾರಣ ಕಂಡುಹಿಡಿದಿದ್ದಳು: ಎತ್ತರ ಸಾಲಲಿಲ್ಲ. ಕಂಬಳಿ ಬಿಚ್ಚಿಕೊಳ್ಳಬೇಕಾದರೆ ಇನ್ನೂ ಎತ್ತರ ಬೇಕು.

"ಎಷ್ಟು ಎತ್ರ?" ಎಂದು ಒಂದು ಸಣ್ಣದು ಕೇಳಿತು.

ಬರಗೇರಿ ಪಡುವಲ ದಿಕ್ಕಿಗೆ ತಿರುಗಿದಳು. ಎರಡು ಗುಡ್ಡದ ನಡುವೆ ಕಟ್ಟೆ ನಿಂತಿತ್ತು. ಗಿರಿಯಮ್ಮ ಕೊಡ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದಳು. ಮೊಮ್ಮಗಳು ತಿರುಗಿದ್ದು ಎಲ್ಲಿಗೆ ಎಂಬುದನ್ನು ಆಕೆ ನೋಡಿದಳು.

ಆ ರಾತ್ರಿ ಉಣ್ಣುವಾಗ ಹುಡುಗಿ ಕೇಳಿತು. "ಅಜ್ಜಿ, ಕಟ್ಟೆ ಮ್ಯಾಲೆ ನಿಂತ್ರೆ ಮೂಡ್ಲು ಸೀಮೆ ಕಾಣ್ತೈತಾ?"

"ಯಾಕೆ?"

"ಕೆಂಪುಕಂಬ್ಳಿ ಬೆಟ್ಟದ ಮ್ಯಾಲಿಂದ ಹಾರಿ ಬ್ಯಾರೆ ದೇಸಕ್ಕೇ ಹೋದ. ಕಟ್ಟೆಯಿಂದ ಹಾರಿದ್ರೆ ಅಪ್ಪ ಇರೋ ತಾವಕ್ಕೆ ಹೋಗಬಹುದಾ?"

ಗಿರಿಯಮ್ಮ ಮುದ್ದೆ ಮುರಿದು ಹುಡುಗಿಯ ತಟ್ಟೆಗೆ ಹಾಕಿದಳು. "ಸುಮ್ನೆ ಉಣ್ಣು. ಅವ್ನೇ ಬತ್ತಾನೆ."

"ಹಂಗಾರೆ ಕಂಬ್ಳಿ ಮ್ಯಾಲೆ ಕುಂತು ಹೇಳು."

"ಉಣ್ಣೋ ಹೊತ್ನಾಗೆ ಎಂಥದೇ ಕಂಬ್ಳಿ!" ಎಂದು ಗದರಿ ಎದ್ದು ಹೋದಳು. ಹುಡುಗಿ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಗಿರಿಯಮ್ಮ ನನಗೆ ಮುಂದೆ ಹೇಳಿದ್ದಾಳೆ.

ಆರನೇ ಶನಿವಾರ ಪಾಲಯ್ಯ ಬೇಗನೇ ಬಂದ. ರೀಲಿನ ಡಬ್ಬಿ ಇಳಿಸುತ್ತಿದ್ದವನ ಹತ್ತಿರ ಗಿರಿಯಮ್ಮ ಹೋಗಿ ನಿಂತಳು.

"ಪಾಲಣ್ಣ, ನೀನು ಹನ್ನೆರಡೂ ನೋಡಿದೀಯಲ್ಲ. ಮುಂದಿನ ವಾರದ್ರಾಗೆ ಅವ್ನು ಎಲ್ಲಿಂದ ಬೀಳ್ತಾನೆ?"

ಪಾಲಯ್ಯ ಬೀಡಿ ಆರಿಸಿದ. ಕಣ್ಣು ತಪ್ಪಿಸಿದ. "ಏಳ್ನೇದ್ರಾಗೆ ಒಂದು ಕಟ್ಟೆ ಬತ್ತೈತೆ. ಈ ನಮ್ಮ ಕಟ್ಟೆ ಇದ್ದಂಗೇ ಐತೆ, ಎರಡು ಗುಡ್ಡದ ನಡುವೆ. ಮ್ಯಾಲೆ ನಿಂತ್ಕಂಡು ಕೈ ಚಾಚ್ತಾನೆ."

"ಹಾರ್ತಾನೆ."

"ಅವ್ನೊಬ್ನೇ ಅಲ್ಲ ಕಣಕ್ಕ. ಇಬ್ರು ಮಕ್ಕಳು ಅವ್ನ ಕೈ ಹಿಡ್ಕಂಡು ಹಾರ್ತವೆ. ನಗ್ತಾ ಹಾರ್ತವೆ."

ಗಿರಿಯಮ್ಮ ಆವತ್ತು ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಮರೆತಳು.

ಆರನೇ ರೀಲು ಮುಗಿಯಿತು. ಮಕ್ಕಳು ಕಂಬಳಿ ಬಿಚ್ಚುತ್ತಿದ್ದವು, ಒಂದೊಂದು ಕಿಟಕಿಯಿಂದ ಒಂದೊಂದು ತುಂಡು ಬಿಸಿಲು ಒಳಗೆ ಬೀಳುತ್ತಿತ್ತು. ಗಂಗಾಧರಪ್ಪ ಸಾಹೇಬ ಮೇಜಿನ ಮೇಲೆ ಫಾರಂ ಹರಡಿದ. ಅವನಿಗೆ ಹಿರಿಯೂರಿಗೆ ಹೋಗುವ ಅವಸರ. ಅವನ ರುಜು ಆಯಿತು. ಹಾಲಸ್ವಾಮಿ ಮೇಷ್ಟ್ರ ರುಜು ಆಯಿತು.

"ಬಾರಮ್ಮ. ಒತ್ತು ಇಲ್ಲಿ," ಎಂದು ಸಾಹೇಬ ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದ.

ಗಿರಿಯಮ್ಮ ಬರಲಿಲ್ಲ. "ಇದ್ರಾಗೆ ಏನ್ ಬರ್ದೈತೆ ಸ್ವಾಮಿ?"

"ಇದು ಮಕ್ಕಳಿಗೆ ತಕ್ಕುದು ಅಂತ ಬರ್ದಿದೆ."

"ತಕ್ಕುದಲ್ಲ."

ಸಾಹೇಬ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ನೆಲ ನೋಡಿದರು.

"ಏನಮ್ಮ, ಉಪ್ಪಿಟ್ಟು ತಿರುವೋಳು ನೀನು. ನಾನು ಬಿ.ಎ., ಬಿ.ಎಡ್. ಏನು ತಪ್ಪು ಕಂಡೆ ನೀನು ಇದ್ರಲ್ಲಿ? ಹೊಡೆದಾಟ ಜಾಸ್ತಿ ಆಯ್ತಾ?"

"ಹೊಡ್ದಾಡ್ಲಿ ಬಿಡ್ರಿ. ಬಿದ್ದೋನು ಬಿದ್ದಂಗೇ ಇರ್ಲಿ ಅಷ್ಟೆ. ಇವ್ನು ಏಳ್ತಾನೆ. ಎಷ್ಟು ಎತ್ರದಿಂದ ಬಿದ್ರೂ ಏಳ್ತಾನೆ. ಅದು ಸುಳ್ಳು."

"ಕಥೆ ಕಣಮ್ಮ! ಕಥೆಯಲ್ಲಿ ಸುಳ್ಳು ಇಲ್ದೆ ಇನ್ನೇನಿರುತ್ತೆ?" ಎಂದ ಸಾಹೇಬ. ಆಮೇಲೆ ದನಿ ತಗ್ಗಿಸಿದ. "ನೋಡು, ಈಗಿನ ಕಾಲದಾಗೆ ಸರ್ಕಾರಿ ಕಾಗದದ ಮೇಲೆ ಆಗಲ್ಲ ಅನ್ನೋರು ಎಲ್ಲೆಲ್ಲಿ ಕುಂತವ್ರೆ ಗೊತ್ತಾ? ಬಳ್ಳಾರಿ ಜೈಲಲ್ಲಿ. ನಿನ್ನ ಕೆಲ್ಸ ನಾಳೆ ಇನ್ನೊಬ್ಬಳು ಮಾಡ್ತಾಳೆ. ಒತ್ತು."

ಹಾಲಸ್ವಾಮಿ ಮೇಷ್ಟ್ರಿಗೆ ಹೆದರಿಕೆ ಹತ್ತಿತು. ಆಕೆಯನ್ನು ಸಮಾಧಾನ ಮಾಡಬೇಕೆಂದು, "ನಿಂತ್ಕಂಡು ಯಾಕೆ ಮಾತು, ಕುಂತ್ಕಳವ್ವ ಮೊದ್ಲು," ಎಂದು ಹತ್ತಿರವಿದ್ದ ಮಗುವಿನ ಕೈಯಿಂದ ಕಂಬಳಿ ತೆಗೆದು ಆಕೆಯ ಕಾಲ ಮುಂದೆ ಹಾಸಿದರು. ಮೇಷ್ಟ್ರು ದಾವಣಗೆರೆ ಪೇಟೆಯವರು. ಆ ಹಟ್ಟಿಯಲ್ಲಿ ಒಂದು ಕಂಬಳಿ ಹಾಸುವುದೆಂದರೆ ಏನೆಂದು ಅವರಿಗೆ ತಿಳಿಯದು. ಮಕ್ಕಳಿಗೆ ತಿಳಿದಿತ್ತು. ಕಿಟಕಿಯ ಹತ್ತಿರ ಗುಲ್ಲು ನಿಂತಿತು. ಮೇಷ್ಟ್ರು ಕಂಬಳಿ ಕಿತ್ತುಕೊಂಡದ್ದು ಬರಗೇರಿಯ ಕೈಯಿಂದ.

ಗಿರಿಯಮ್ಮ ಕಂಬಳಿ ನೋಡಿದಳು. ಮೊಮ್ಮಗಳನ್ನು ನೋಡಿದಳು. ಹುಡುಗಿ ರೆಪ್ಪೆ ಬಡಿಯದೆ ಕಾಯುತ್ತಿತ್ತು. ನಾಲ್ಕು ವರ್ಷದ ಮೇಲೆ ಗಿರಿಯಮ್ಮ ಕಂಬಳಿ ಮೇಲೆ ಕೂತಳು.

"ನನ್ನ ಮಗ ಮಾರಣ್ಣ," ಎಂದಳು. ಸಾಹೇಬನಿಗಲ್ಲ, ಕಿಟಕಿಯ ಕಡೆಗೆ ಹೇಳಿದಳು. "ಕುರಿ ಹಿಂದೆ ಹೋಗಿಲ್ಲ. ಮೂಡ್ಲು ಸೀಮೆಗೂ ಹೋಗಿಲ್ಲ. ಕಟ್ಟೆ ಮ್ಯಾಲಿಂದ ಬಿದ್ದ. ಹಗ್ಗ ಬಿಚ್ಚಿ ಹಾಕಿದ್ದ. ಕೆಳಗೆ ಕಲ್ಲಿನ ಮ್ಯಾಲೆ ಬಿದ್ದ. ನಾನು ಓಡಿ ಹೋದೆ. ಏಳ್ಲಾ ಅಂದೆ. ಏಳ್ಲಿಲ್ಲ. ತಲೆ ಇತ್ತು, ಒಳಗೆ ಏನೂ ಇರ್ಲಿಲ್ಲ. ನಾನೇ ಬಾಚಿ ಸೀರೆ ಸೆರಗಿಗೆ ಹಾಕ್ಕಂಡೆ. ಇದು ಸತ್ಯ. ಇವತ್ತಿನವರ್ಗೂ ಹೇಳಿದ್ದು ಸುಳ್ಳು."

ಪಾಲಯ್ಯನ ಮಿಷನ್ನು ಇನ್ನೂ ತಣ್ಣಗಾಗದೆ ಟಿಕ್ ಟಿಕ್ ಎನ್ನುತ್ತಿತ್ತು.

"ಆತು," ಎಂದು ಗಿರಿಯಮ್ಮ ಎದ್ದಳು. "ಆ ಬೊಂಬೆಯೋನೂ ಸುಳ್ಳು ಹೇಳ್ದ, ನಾನೂ ಹೇಳ್ದೆ. ನಾನು ಬಿಟ್ಟೆ. ನಿಮ್ದು ನೀವು ನೋಡ್ಕಳ್ರಿ. ಹೆಬ್ಬೆಟ್ಟು ಒತ್ತಲ್ಲ."

ಬರಗೇರಿ ಅಳಲಿಲ್ಲ. ಬಂದು ಕಂಬಳಿ ಎತ್ತಿಕೊಂಡಳು, ಮಡಚಿದಳು, ಹೊರಗೆ ನಡೆದಳು. ಉಳಿದ ಮಕ್ಕಳು ಹಿಂದೆ ಹೋದವು. ಗಿರಿಯಮ್ಮನೂ ಹೋಗುತ್ತಿದ್ದಳು. ಸಾಹೇಬ ಬಾಗಿಲಿಗೆ ಅಡ್ಡ ನಿಂತು ಅರ್ಧ ಗಂಟೆ ಕೂಗಾಡಿದ. ಬೇಯಿಸುವ ಕೆಲಸ ಇವತ್ತಿಗೆ ಮುಗಿಯಿತು ಎಂದ. ಉಗ್ರಾಣದ ಬೀಗದ ಕೈ ಕೇಳಿದ. ಕೊಟ್ಟಳು. ಆ ಅರ್ಧ ಗಂಟೆಯೇ ಆಕೆಗೆ ದುಬಾರಿಯಾಯಿತು.

ಮನೆಯಲ್ಲಿ ಹುಡುಗಿ ಇರಲಿಲ್ಲ. ಹಟ್ಟಿಯಲ್ಲಿ ಯಾವ ಮಗುವೂ ಇರಲಿಲ್ಲ. ಬೀದಿಯಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದ ಮುದುಕ ಎತ್ತಪ್ಪ ತಲೆ ಎತ್ತದೆ, "ಎಲ್ಲಾ ಕೂಡಿ ಕಟ್ಟೆ ಕಡೆ ಹೋದ್ವು. ಕಂಬ್ಳಿ ತಗಂಡು," ಎಂದ.

ಒಂದು ಮೈಲಿ. ಆಗ ಆಕೆಗೆ ಐವತ್ತೈದು ದಾಟಿತ್ತು. ಹೇಗೆ ಹೋದೆನೆಂದು ಆಕೆ ಎಂದೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕಟ್ಟೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ನೂರಕ್ಕೂ ಮಿಕ್ಕಿದ ಅಡಿಯ ಆಳ. ಆ ಕಡೆಯ ಮೋಟುಗೋಡೆಗೆ ಎದೆ ಹಚ್ಚಿ ಸಾಲಾಗಿ ಮಕ್ಕಳು ನಿಂತಿದ್ದವು, ಕೊರಳಿಗೆ ಕಂಬಳಿ ಕಟ್ಟಿಕೊಂಡು. ಬರಗೇರಿ ಮೋಟುಗೋಡೆಯ ಮೇಲೆ ಕೂತಿದ್ದಳು. ಕಾಲು ಆಚೆಗೆ ಇಳಿಬಿಟ್ಟಿದ್ದಳು.

ಗಿರಿಯಮ್ಮ ಕೂಗಲಿಲ್ಲ. ಬಂಡೆ ತುದಿಯಲ್ಲಿ ನಿಂತ ಕುರಿಯನ್ನು ಕೂಗಿದರೆ ಅದು ಮುಂದಕ್ಕೇ ಜಿಗಿಯುತ್ತದೆ. ಮೆಲ್ಲಗೆ ಹೋಗಿ ಪಕ್ಕದಲ್ಲಿ ನಿಂತಳು.

"ಎಲ್ಲಿ ಬಿದ್ದ?" ಎಂದಳು ಬರಗೇರಿ, ತಿರುಗದೆ.

ಗಿರಿಯಮ್ಮ ಕೈ ತೋರಿಸಿದಳು. ನಾಲ್ಕು ವರ್ಷದ ಹಿಂದೆ ಮಾರಣ್ಣ ಕೀಳಲು ಹೋಗಿದ್ದ ಸಸಿ ಅದೇ ಕಲ್ಲುಸಂದಿಯಲ್ಲಿ ಮತ್ತೆ ಚಿಗುರಿ ಮಾರುದ್ದ ಬೆಳೆದಿತ್ತು. ಅದರ ನೇರ ಕೆಳಗೆ ಬೋಳು ಕಲ್ಲುಗಳು.

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಕೊರಳ ಗಂಟು ಬಿಚ್ಚಿದಳು. ಅಜ್ಜಿಯ ಕೈ ಹುಡುಗಿಯ ಲಂಗದ ಪಟ್ಟಿಯನ್ನು ಹಿಂದಿನಿಂದ ಆಗಲೇ ಹಿಡಿದಿತ್ತು. ಬರಗೇರಿ ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಕೆಳಗೆ ಬಿಟ್ಟಳು.

ಗಾಳಿ ಅದರೊಳಗೆ ಹೊಕ್ಕಿತು. ಕಂಬಳಿ ಅರಳಿತು. ಹದ್ದಿನಂತೆ ಒಂದು ಸುತ್ತು ತಿರುಗಿತು. ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದವು. ಮತ್ತೆ ಮುದುರಿಕೊಂಡು ನೆಟ್ಟಗೆ ಇಳಿದು ಕಲ್ಲಿನ ಮೇಲೆ ಬಿತ್ತು. ಸದ್ದೂ ಬರಲಿಲ್ಲ.

ಕಾದವು. ಕರಿ ಮಚ್ಚೆಯಂತೆ ಅದು ಅಲ್ಲೇ ಬಿದ್ದಿತ್ತು. ಕೊನೆಗೆ ಬರಗೇರಿ ಕಾಲು ಈಚೆಗೆ ಎಳೆದುಕೊಂಡು ಇಳಿದಳು.

"ಏಳಲ್ಲ," ಎಂದಳು. "ಅಜ್ಜಿ, ಮನೆಗೆ ಹೋಗಾಣ."

ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು, ಆರು ವರ್ಷದ್ದಿರಬೇಕು: "ಒಂದು ಸುತ್ತು ಹಾರ್ತಲ್ಲ!"

ಗಿರಿಯಮ್ಮ ತಿರುಗಿ ನೋಡಿದಳು. ಯಾರು ಅಂದದ್ದೆಂದು ತಿಳಿಯಲಿಲ್ಲ. ಎಲ್ಲ ಮಕ್ಕಳ ಕಣ್ಣೂ ಇನ್ನೂ ಕೆಳಗೇ ಇದ್ದವು.

ಆ ವಾರ ಆಕೆ ನಲವತ್ತು ಮನೆಯ ಬಾಗಿಲಿಗೂ ಹೋದಳು. ಭಾಷಣ ಮಾಡಲಿಲ್ಲ. "ಶನಿವಾರ ಸ್ಕೂಲಿಗೆ ಕಂಬ್ಳಿ ಕೊಡಬ್ಯಾಡ್ರಿ," ಎಂದಳು, ಅಷ್ಟೇ. ಕುರಿಮರಿಯ ಕಥೆ, ಕಟ್ಟೆಯ ಕಥೆ ಆಗಲೇ ಮನೆಮನೆ ತಲುಪಿತ್ತು. ನಾನು ಎಷ್ಟೋ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡಿದ್ದೇನೆ. ಆ ಶನಿವಾರ ಕರಿಕಲ್ಲಹಟ್ಟಿಯಲ್ಲಿ ನಡೆದಷ್ಟು ಸದ್ದಿಲ್ಲದ, ಅಷ್ಟು ಪೂರಾ ಆದ ಮುಷ್ಕರವನ್ನು ಕಂಡಿಲ್ಲ. ಮಕ್ಕಳು ಬರಿಗೈಯಲ್ಲಿ ಬಂದವು. ಬಾಗಿಲಿಲ್ಲದ ಕಿಟಕಿಗಳಿಂದ ಬಿಸಿಲು ಒಳಗೆ ಸುರಿಯುತ್ತಿತ್ತು. ಪಾಲಯ್ಯ ಏಳನೇ ರೀಲು ಹಾಕಿದ. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಎಲ್ಲೋ ಒಂದು ತೆಳು ಕೆಂಪು ಸುಳಿಯುತ್ತಿತ್ತು, ಮಾಯವಾಗುತ್ತಿತ್ತು. ಸದ್ದು ಮಾತ್ರ ಕೇಳಿತು. ನೀರಿನ ಭೋರ್ಗರೆತ, ಆಮೇಲೆ ಇಬ್ಬರು ಮಕ್ಕಳ ನಗು.

ಫಾರಂ ಮಾತ್ರ ಹೋಗಬೇಕಾದಲ್ಲಿಗೆ ಹೋಗಿತ್ತು, ಮೂರನೇ ಜಾಗದಲ್ಲಿ ಒಂದು ಹೆಬ್ಬೆಟ್ಟಿನೊಂದಿಗೆ. ಯಾರದು ಎಂದು ಹಾಲಸ್ವಾಮಿ ಮೇಷ್ಟ್ರು ಸಾಯುವ ತನಕ ಬಾಯಿ ಬಿಡಲಿಲ್ಲ. ಹೆಬ್ಬೆಟ್ಟು ನೋಡಿ ಗಂಡೋ ಹೆಣ್ಣೋ ಹೇಳಲು ಬರುವುದಿಲ್ಲ. ಗಂಗಾಧರಪ್ಪ ಸಾಹೇಬ ಆ ವಾರ ಎಡಗೈ ಜೇಬಲ್ಲಿಟ್ಟುಕೊಂಡೇ ಓಡಾಡಿದನೆಂದು ಪಾಲಯ್ಯ ಹೇಳುತ್ತಿದ್ದ.

ಪಾಲಯ್ಯ ಬಟ್ಟೆ ಸುತ್ತಿ, ಡಬ್ಬಿಗಳನ್ನು ವ್ಯಾನಿಗೆ ಏರಿಸಿದ. ಗಿರಿಯಮ್ಮ ಮೊಮ್ಮಗಳ ಕೈ ಹಿಡಿದು ದಾರಿಯ ಬದಿಗೆ ನಿಂತಿದ್ದಳು.

"ಇನ್ನು ಬರಲ್ಲ ಕಣಕ್ಕ. ಈ ಹಟ್ಟಿಗೆ ಆಯ್ತಂತೆ," ಎಂದ ಪಾಲಯ್ಯ.

"ಮುಂದೆ ಎಲ್ಲಿಗೆ?"

"ಹೊಳಲ್ಕೆರೆ ತಾಲ್ಲೂಕು. ನಿನ್ನ ತವರಿನ ಕಡೆಗೇ. ಆಮೇಲೆ ಹೊಸದುರ್ಗ, ದುರ್ಗ, ಕೊನೆಗೆ ಹಿರಿಯೂರಿನ ಉಳಿದ ಸ್ಕೂಲು. ಮೊದ್ಲಿಂದ ಹನ್ನೆರಡೂ ತೋರಿಸ್ಬೇಕು."

ಬರಗೇರಿ ವ್ಯಾನಿನ ಬಾಗಿಲ ಹತ್ತಿರ ಬಂದು ತಲೆ ಎತ್ತಿದಳು.

"ಆ ಸ್ಕೂಲಿನಾಗೆ ಕಿಟಕಿಗೆ ಬಾಗ್ಲು ಅವಾ ಮಾವ?"

ಪಾಲಯ್ಯ ಗಾಡಿ ಚಾಲೂ ಮಾಡಿದ.

"ಅವೆ ಕಣವ್ವ," ಎಂದ. "ಎಲ್ಲಾ ಹೊಸಾವು. ಗಟ್ಟಿಯಾಗಿ ಮುಚ್ಕಳ್ತವೆ."